ಭೂನಾರಿಕೇಳಸಿದ್ಧಾಂತ

ಭೂಮಿಯ ಒಡಲನ್ನು ಕೋಳಿಮೊಟ್ಟೆಗೆ ಹೋಲಿಸಿ, ಸಿಪ್ಪೆಯನ್ನು ಭೂಚಿಪ್ಪೆಂದೂ ಬಿಳಿಯ ಲೋಳೆಯನ್ನು ಮಧ್ಯಕವಚವೆಂದೂ ನಡುವಣ ಹಳದಿಯನ್ನು ಗರ್ಭವೆಂದೂ ಬೋಧಿಸುವ ಸಂಪ್ರದಾಯವು ಭೂಗೋಳದ ಪಾಠಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು ವಾಚಕಮಹಾಶಯರಿಗೆ ವಿದಿತವೇ ಆಗಿದೆ. ಮೊಟ್ಟೆಯ ಹೆಸರೆತ್ತಿದರೆ ಮೈಲಿಗೆಯಾಗುವ ಮನೆಗಳ ಮಕ್ಕಳಿಗಾಗಿ ಈರುಳ್ಳಿಯ ಉಪಮಾನವನ್ನು ಒದಗಿಸಿದ ದಯಾಳುಗಳೂ ಉಂಟು. ಆದರೆ ಚಾತುರ್ಮಾಸ್ಯದಲ್ಲಿ ಅದೂ ನಿಷಿದ್ಧವಾಗುವುದರಿಂದ ವರ್ಷದಲ್ಲಿ ನಾಲ್ಕು ತಿಂಗಳು ಭೂಮಿಗೆ ಒಳರಚನೆಯೇ ಇಲ್ಲದಂತಾಗುವ ದೋಷವು ಆ ಪಕ್ಷಕ್ಕೆ ಅಂಟಿಕೊಂಡಿದೆ. ಆದುದರಿಂದ ಸರ್ವಕಾಲಕ್ಕೂ ಸಲ್ಲುವ, ದೇವರ ಮನೆಯಲ್ಲಿಯೂ ಪ್ರಯೋಗಿಸಬಹುದಾದ ತೆಂಗಿನಕಾಯಿಯನ್ನೇ ಉಪಮಾನವಾಗಿ ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕಾವ್ಯಮೀಮಾಂಸಕರು ದ್ರಾಕ್ಷಾಪಾಕ, ನಾರಿಕೇಳಪಾಕಗಳೆಂದು ರಚನೆಗಳನ್ನು ವಿಂಗಡಿಸಿರುವರಷ್ಟೆ. ಸೃಷ್ಟಿಕರ್ತನು ಭೂಮಿಯನ್ನು ಎರಡನೆಯ ಪಾಕದಲ್ಲಿಯೇ ರಚಿಸಿದನೆಂಬುದಕ್ಕೆ ಅದನ್ನು ಒಡೆಯಹೋದವರ ಪಾಡೇ ಸಾಕ್ಷಿ.

ಮೇಲ್ಮೈಯಿಂದ ಕೇಂದ್ರಕ್ಕೆ 6371 ಕಿಲೋಮೀಟರ್ ದೂರ. ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಕೊರೆಯತೊಡಗಿದವರು 1989ರ ವೇಳೆಗೆ 12,262 ಮೀಟರ್ ಇಳಿದು, ಬಂಡೆಯ ತಾಪವು 180 ಡಿಗ್ರಿಯಾಗಲು ಕೈಚೆಲ್ಲಿದರು. ಇದು ದಾರಿಯ ಐನೂರರಲ್ಲೊಂದು ಪಾಲೂ ಅಲ್ಲ, ಚಿಪ್ಪು ಕೂಡ ತೂತಾಗಲಿಲ್ಲ. ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿಯಾದರೋ ಮೂರು ಕಿಲೋಮೀಟರಿಗೆ ತುಸು ಮೀರಿ ನಿಂತಿತು. (ಕೋಲಾ, ಕೋಲಾರಗಳ ನಾಮಸಾಮ್ಯದಿಂದ ಇಲ್ಲೊಂದು ಅಧ್ಯಾಯವನ್ನೇ ಹೆಣೆಯಬಹುದಾಗಿತ್ತು, ಸಂಯಮ ವಹಿಸಿದ್ದೇನೆ.)

ಹೀಗೆ ಪ್ರತ್ಯಕ್ಷಪ್ರಮಾಣವು ಸೋತಲ್ಲಿ ಉಳಿಯುವುದು ಅನುಮಾನ, ಎಂದರೆ ತಟ್ಟಿನೋಡುವುದು. ನಮ್ಮ ಸೋದರತ್ತೆಯವರು ಸಂತೆಯಲ್ಲಿ ಕಾಯನ್ನು ಕಿವಿಯ ಬಳಿ ಅಲುಗಿಸಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ನೀರೆಷ್ಟು, ತಿರುಳೆಷ್ಟು, ವ್ಯಾಪಾರಿಯ ಮೋಸವೆಷ್ಟು ಎಂಬುದನ್ನು ಒಡೆಯದೆಯೇ ಹೇಳಬಲ್ಲರು. ಭೂಮಿಯನ್ನು ತಟ್ಟುವ ಕೆಲಸವನ್ನು ಭೂಕಂಪವು ಮಾಡುತ್ತದೆ. ಕಿವಿಗೊಡುವುದಷ್ಟೇ ನಮ್ಮ ಪಾಲಿನದು. 1897ರ ಅಸ್ಸಾಂ ಭೂಕಂಪವನ್ನು ಅಭ್ಯಸಿಸಿದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಎಂಬ ಭೂವಿಜ್ಞಾನಿ, ಕಂಪನದ ಅಲೆಗಳು ಎಲ್ಲಿ ಯಾವಾಗ ಬಂದು ಮುಟ್ಟಿದವೆಂಬುದನ್ನು ತಾಳೆನೋಡಿ, ಒಳಗೆ ಬೇರೆಯೇ ಒಂದು ಗರ್ಭವಿದೆಯೆಂದು 1906ರಲ್ಲಿ ಸಾರಿದನು. ಅಲೆಗಳಲ್ಲಿ ಒತ್ತಿಕೊಂಡು ಸಾಗುವುದೊಂದು, ಅಡ್ಡಡ್ಡ ತೂಗುತ್ತ ಸಾಗುವುದೊಂದು. ಎರಡನೆಯದು ದ್ರವದೊಳಗೆ ನುಸುಳಲಾರದು. ಸುಮಾರು 2900 ಕಿಲೋಮೀಟರ್ ಆಳದಲ್ಲಿ ಅದು ತಡೆದುಹೋಗುವುದರಿಂದ ಭೂಮಿಯ ಕಾಯಿಯಲ್ಲಿ ನೀರುಂಟೆಂಬುದು ಸಿದ್ಧವಾಯಿತು. ಎಳನೀರಲ್ಲ, ಕರಗಿದ ಕಬ್ಬಿಣ.

ಪೂರ್ವಪಕ್ಷಿಯು ಇಲ್ಲಿ, ಕಾಯಿಗೆ ಮೂರು ಕಣ್ಣುಂಟಲ್ಲ, ಭೂಮಿಗೆಲ್ಲಿ ಎಂದು ಕೇಳುವನು. ಜ್ವಾಲಾಮುಖಿಗಳೇ ಕಣ್ಣುಗಳು, ಅವು ಮೂರಕ್ಕೆ ನಿಲ್ಲದೆ ನೂರಾರಾದದ್ದು ಸೃಷ್ಟಿಯ ಔದಾರ್ಯ. ನೀರಿನ ನಡುವೆ ಗಟ್ಟಿ ಪದಾರ್ಥವಿದೆಯೆಂದು ಡೆನ್ಮಾರ್ಕಿನ ಇಂಗೆ ಲೆಹ್ಮಾನ್ ಎಂಬ ವಿದುಷಿಯು 1936ರಲ್ಲಿ ತೋರಿಸಿಕೊಟ್ಟುದರಿಂದ ಉಪಮಾನವು ಕುಸಿಯಿತೆಂದು ಅವನು ಹಿಗ್ಗುವುದಾದರೆ, ಅವನು ತೆಂಗು ಬೆಳೆದವನಲ್ಲವೆಂದೇ ತಿಳಿಯಬೇಕು. (ಆಕೆಯ ಪ್ರಬಂಧದ ಶೀರ್ಷಿಕೆಯು ‘ಪಿ’ ಎಂಬ ಒಂದೇ ಅಕ್ಷರ, ಮೇಲೊಂದು ಗೀಟು. ಇಷ್ಟು ಜಿಪುಣತನವು ನಮ್ಮ ವಿದ್ವತ್ಪರಂಪರೆಗೆ ಒಗ್ಗುವಂಥದಲ್ಲ.) ಮೊಳೆತ ಕಾಯೊಳಗೆ ನೀರನ್ನೇ ಹೀರಿ ಬೆಳೆಯುವ ಬಿಳಿಯ ಉಂಡೆಯನ್ನು, ಹೂವೆಂದು ಕಣ್ಣಿಗೊತ್ತಿಕೊಳ್ಳುವುದನ್ನು, ಯಾರು ಕಾಣರು? ಒಳಗರ್ಭವೂ ಹಾಗೆಯೇ, ಸುತ್ತಣ ದ್ರವವು ತಣಿದು ಗಟ್ಟಿಯಾದಂತೆಲ್ಲ ಅದು ಬಹು ಮೆಲ್ಲನೆ ಬೆಳೆಯುತ್ತಿದೆ. ಭೂಮಿಯು ಮೊಳೆತಿದೆ, ಇತಿ ಸಿದ್ಧಾಂತ.

ಈ ಸಿದ್ಧಾಂತವನ್ನು ಅತ್ತೆಯವರ ಸನ್ನಿಧಿಯಲ್ಲಿ ಸವಿಸ್ತಾರವಾಗಿ ನಿವೇದಿಸಿದೆನು. ಅವರು ಈಳಿಗೆಯಿಂದ ತಲೆಯೆತ್ತದೆ, “ಕಾಯಿ ಒಡೀದೇ ಒಳಗೆ ಹೂವಿದೆ ಅಂತ ಹೇಳಿದಳೇನೋ ಆ ಪುಣ್ಯಾತ್ಗಿತ್ತಿ?” ಎಂದರು.

“ಹೌದತ್ತೆ, ಬರೀ ಸದ್ದಿನ ಗುರುತಿನಿಂದ.”

“ಹಾಗಾದ್ರೆ ಮುಂದಿನ ಸಂತೆಗೆ ಅವಳನ್ನೇ ಕಳಿಸು ಕಣೋ. ನೀನು ತಟ್ಟಿ ತಂದ ಮೂರರಲ್ಲಿ ಎರಡು ಕೊಳೆತಿತ್ತು.”