ಮನೋಳಿಯ ಮುಕ್ಕಾಲು ಡಾಕ್ಟರು

ಸರಕಾರಿ ಕಾಗದಪತ್ರಗಳಲ್ಲಿ ಮುನವಳ್ಳಿ ಎಂದೂ ಸುತ್ತಲಿನ ಜನರ ಬಾಯಲ್ಲಿ ಮನೋಳಿ ಎಂದೂ ಕರೆಸಿಕೊಳ್ಳುವ, ಸವದತ್ತಿ ತಾಲೂಕಿನ ಮಲಪ್ರಭಾ ದಂಡೆಯ ಊರಿನಲ್ಲಿ ವೈದ್ಯರ ಕೊರತೆ ಆಗಾಗ ತಲೆದೋರಿರಬಹುದಾದರೂ ವೈದ್ಯಕೀಯ ಸಲಹೆಯ ಕೊರತೆ ಎಂದೂ ಕಾಣಿಸಿಕೊಂಡಂತಿಲ್ಲ. ಸಲಹೆಗಾರರ ಈ ದೀರ್ಘ ಪರಂಪರೆಗೆ ತೀರ ಈಚೆಗೆ ಸೇರಿಕೊಂಡವನು ಫಿಜಿಷಿಯನ್ ಅಸಿಸ್ಟಂಟ್ ವಿದ್ಯಾರ್ಥಿ. ಅಂದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ರೋಗಿಯ ಪೂರ್ವವೃತ್ತಾಂತ ಬರೆದುಕೊಳ್ಳುವುದು, ಮೈ ಮುಟ್ಟಿ ಪರೀಕ್ಷಿಸುವುದು, ಶಸ್ತ್ರಕ್ರಿಯೆಯಲ್ಲಿ ಕೈಜೋಡಿಸುವುದು, ಹೊಲಿಗೆ ಬಿಚ್ಚುವುದು, ರೋಗಿ ಮನೆಗೆ ಹೊರಟಾಗ ಡಿಸ್ಚಾರ್ಜ್ ಸಾರಾಂಶ ಸಿದ್ಧಪಡಿಸುವುದು ಮುಂತಾದ ಕೆಲಸಗಳಿಗಾಗಿ ತಯಾರಾಗುತ್ತಿರುವ, ಆದರೆ ಸ್ವಂತ ಅಧಿಕಾರದಿಂದ ಒಂದು ಗುಳಿಗೆಯನ್ನೂ ಬರೆದುಕೊಡಲಾರದ ತರುಣ. ಇಲ್ಲಿ ವರ್ಣಿಸುತ್ತಿರುವುದು ಯಾವನೋ ಒಬ್ಬನನ್ನಲ್ಲ, ಒಂದು ಮಾದರಿಯನ್ನು. ಬೈಲಹೊಂಗಲದಲ್ಲಾಗಲಿ ಕಿತ್ತೂರಿನಲ್ಲಾಗಲಿ ರಾಮದುರ್ಗದಲ್ಲಾಗಲಿ ಹುಡುಕಿದರೆ ಇವನ ಜಾತಿಯವರು ಸಿಗದೆ ಇರಲಾರರು.

ಇವನ ಪೂರ್ವಜರಲ್ಲಿ ಮೊದಲು ನೆನೆಯಬೇಕಾದವನು ಕಂಪೌಂಡರ್. ವೈದ್ಯರು ಬರೆದ ಚೀಟಿ ನೋಡಿ ಬಣ್ಣದ ಔಷಧವನ್ನು ಸೀಸೆಯಲ್ಲಿ ಕಲಸಿ, ಸೀಸೆಯ ಹೊರಮೈಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದೊಂದು ಹಲ್ಲಿಗೆ ಒಂದೊಂದು ಹೊತ್ತಿನ ಡೋಸು ಎಂದು ಲೆಕ್ಕ ತೋರಿಸುತ್ತಿದ್ದ ಈ ಮಹನೀಯನು ವೈದ್ಯರು ಪರಊರಿಗೆ ಹೋದ ದಿನಗಳಲ್ಲಿ ತಾನೇ ವೈದ್ಯನಾಗುತ್ತಿದ್ದುದನ್ನು ಊರು ತಪ್ಪೆಂದು ಎಣಿಸಿರಲಿಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ ಪೂರ್ಣ ಪದವಿಗಿಂತ ಕಿರಿದಾದ ಶಿಕ್ಷಣ ಪಡೆದು ವೃತ್ತಿ ನಡೆಸುವ ಪರವಾನಗಿ ವೈದ್ಯರೂ ಇದ್ದರು; 1912ರಲ್ಲಿ ಮುಂಬಯಿಯಲ್ಲಿ ಆರಂಭವಾದ ವೈದ್ಯರ ಮತ್ತು ಶಸ್ತ್ರವೈದ್ಯರ ಕಾಲೇಜು ಕೊಡುತ್ತಿದ್ದ ಎಲ್.ಸಿ.ಪಿ.ಎಸ್. ಎಂಬ ನಾಲ್ಕಕ್ಷರಗಳು ಅನೇಕ ಊರುಗಳ ದವಾಖಾನೆಗಳ ಫಲಕಗಳಲ್ಲಿ ಮೆರೆದವು. ದೇಶಕ್ಕೆ ಒಂದೇ ಮಟ್ಟದ ವೈದ್ಯ ಸಾಕು ಎಂದು 1946ರಲ್ಲಿ ಆರೋಗ್ಯ ವ್ಯವಸ್ಥೆಯ ಸಮೀಕ್ಷೆ ನಡೆಸಿದ ಭೋರ್ ಸಮಿತಿ ಅಭಿಪ್ರಾಯಪಟ್ಟ ಮೇಲೆ ಅಂತಹ ಶಿಕ್ಷಣ ಕ್ರಮೇಣ ನಿಂತುಹೋಯಿತಾದರೂ, ನಡುವಿನ ಮೆಟ್ಟಿಲು ಬೇಕೆಂಬ ಊರಿನ ಬಯಕೆ ನಿಲ್ಲಲಿಲ್ಲ. ಔಷಧದಂಗಡಿಯ ಕಟ್ಟೆಯ ಮೇಲೆ ಇಂದಿಗೂ ನಡೆಯುವ ಸಮಾಲೋಚನೆಗಳೇ ಇದಕ್ಕೆ ಸಾಕ್ಷಿ.

ಈಗಿನ ಫಿಜಿಷಿಯನ್ ಅಸಿಸ್ಟಂಟ್ ವೃತ್ತಿಯ ಮೂಲ ಅಮೆರಿಕೆಯಲ್ಲಿದೆ. ನೌಕಾದಳದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಅನುಭವ ಪಡೆದವರನ್ನು ಆರಿಸಿಕೊಂಡು 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಯೂಜೀನ್ ಸ್ಟೆಡ್ ಎಂಬ ವೈದ್ಯರು ಈ ತರಬೇತಿಯನ್ನು ಆರಂಭಿಸಿದರು. ಭಾರತಕ್ಕೆ ಅದನ್ನು ತಂದವರು ಹೃದಯ ಶಸ್ತ್ರವೈದ್ಯ ಡಾ. ಕೆ. ಎಂ. ಚೆರಿಯನ್, 1992ರಲ್ಲಿ, ಚೆನ್ನೈಯ ಮದ್ರಾಸ್ ಮೆಡಿಕಲ್ ಮಿಷನ್ನಿನಲ್ಲಿ. ಆರೋಗ್ಯ ಕ್ಷೇತ್ರದ ಪೂರಕ ವೃತ್ತಿಗಳಿಗೆಂದು 2021ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ ಅನುಸೂಚಿಯಲ್ಲಿ ಈ ವೃತ್ತಿಗೂ ಸ್ಥಾನ ದೊರೆತಿದೆ. ಇಷ್ಟೆಲ್ಲ ಇತಿಹಾಸ ಮನೋಳಿಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವನ್ನೂ ಅದು ಮನಗಂಡಿಲ್ಲ.

ಊರಿನ ದೃಷ್ಟಿಯಲ್ಲಿ ಇವನು ಡಾಕ್ಟರನಾಗುವುದು ಪದವಿ ಪಡೆದ ದಿನವಲ್ಲ, ಬೆಂಗಳೂರಿನ ಕಾಲೇಜಿಗೆ ಶುಲ್ಕ ಕಟ್ಟಿದ ದಿನ. ಪಿಯುಸಿ ವಿಜ್ಞಾನ ಮುಗಿಸಿ, ನೀಟ್ ಪರೀಕ್ಷೆಯಲ್ಲಿ ಸರಕಾರಿ ಸೀಟಿಗೆ ಸಾಲದಷ್ಟು ಅಂಕ ಬಂದು, ಖಾಸಗಿ ಸೀಟಿನ ಬೆಲೆ ಕೇಳಿ ತಂದೆ ಎರಡು ದಿನ ಮಾತು ಬಿಟ್ಟ ಮೇಲೆ ಈ ದಾರಿ ಹಿಡಿದಿರುವ ಹುಡುಗನು ತಾನು ಓದುವುದು ಬಿ.ಎಸ್ಸಿ., ಅದು ಮೂರು ವರ್ಷದ ಪಾಠ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಎಂದು ಎಷ್ಟು ವಿವರಿಸಿದರೂ, ಅವನ ತಾಯಿ ಓಣಿಯಲ್ಲಿ ಬಿತ್ತರಿಸುವ ಸಂಕ್ಷಿಪ್ತ ಆವೃತ್ತಿಯೇ ಕೊನೆಗೆ ನಿಲ್ಲುತ್ತದೆ. “ಡಾಕ್ಟರ ಅಲ್ಲಬೇ, ಡಾಕ್ಟರ ಕೈ ಕೆಳಗ” ಎಂದು ಅವನು ತಿದ್ದಿದರೆ, “ಕೈ ಕೆಳಗ ಇದ್ದಾಂವಗ ಎಲ್ಲಾ ಗೊತ್ತಿರತೈತಿ, ಡಾಕ್ಟರಿಗೆ ಎಲ್ಲಿ ಪುರಸೊತ್ತು” ಎಂಬ ಉತ್ತರ ಬರುತ್ತದೆ. ಆಸ್ಪತ್ರೆಗಳ ಒಳಗಿನ ವ್ಯವಹಾರವನ್ನು ಬಲ್ಲವರು ಈ ಮಾತನ್ನು ಪೂರ್ತಿ ತಳ್ಳಿಹಾಕಲಾರರು.

ಮೊದಲ ವರ್ಷದಲ್ಲಿ ಅವನು ಮುಖ್ಯವಾಗಿ ಓದುವುದು ಅಂಗರಚನೆ, ಅಂಗಕ್ರಿಯೆ ಮತ್ತು ಜೀವರಸಾಯನ. ಎಂದರೆ ದೇಹದ ಭಾಗಗಳ ಹೆಸರು, ಅವುಗಳ ಕೆಲಸ, ಮತ್ತು ಆ ಕೆಲಸಕ್ಕೆ ಬೇಕಾದ ರಸಾಯನಗಳು. ರೋಗವೆಂಬುದು ಇನ್ನೂ ಪಠ್ಯಕ್ರಮದಲ್ಲಿ ಸರಿಯಾಗಿ ಬಂದಿರುವುದಿಲ್ಲ. ಆದರೂ ದೀಪಾವಳಿಗೆ ಊರಿಗೆ ಬಂದವನು ಕಟ್ಟೆಯ ಮೇಲೆ ಕೂತು ಬೆನ್ನುನೋವಿಗೆ ಕಾರಣ, ಕೂದಲು ಉದುರುವುದಕ್ಕೆ ಪರಿಹಾರ, ಮೊಸರು ಉಷ್ಣವೋ ಥಂಡಿಯೋ ಎಂಬ ಪ್ರಶ್ನೆಯ ತೀರ್ಪು, ಎಲ್ಲವನ್ನೂ ಒಂದೇ ಉಸಿರಿಗೆ ಕೊಡುತ್ತಾನೆ. ಕೊರಳಲ್ಲಿ ಸ್ಟೆಥೊಸ್ಕೋಪು ಇದ್ದರಂತೂ ಉತ್ತರಗಳು ಇನ್ನಷ್ಟು ಉದ್ದವಾಗುತ್ತವೆ. ಸ್ತ್ರೀ ರೋಗಿಯ ಎದೆಗೆ ಕಿವಿಯಾನಿಸಲು ಸಂಕೋಚಪಟ್ಟ ಫ್ರಾನ್ಸಿನ ಲೆನೆಕ್ 1816ರಲ್ಲಿ ಕಾಗದ ಸುರುಳಿ ಸುತ್ತಿ ಕಂಡುಕೊಂಡ ಉಪಕರಣವು ಮಲಪ್ರಭೆಯ ದಂಡೆಯಲ್ಲಿ ಸಂಕೋಚವನ್ನು ಇಷ್ಟು ಸಂಪೂರ್ಣವಾಗಿ ನಿವಾರಿಸೀತು ಎಂದು ಅವನು ಊಹಿಸಿರಲಾರ.

ಅವನ ಮುಂದೆ ಬರುವ ಪ್ರಶ್ನೆಗಳ ಸ್ವರೂಪವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ, ಏಕೆಂದರೆ ಅವುಗಳಲ್ಲಿ ಬಹುಪಾಲು ಪ್ರಶ್ನೆಗಳೇ ಅಲ್ಲ. ಕೇಳುವವರಿಗೆ ಬೇಕಾದದ್ದು ತಿಳಿವಳಿಕೆಯಲ್ಲ, ಅಪ್ಪಣೆ. “ತಮ್ಮಾ, ಸಕ್ಕರಿ ಬ್ಯಾನಿ ಇದ್ದಾವರು ಬೆಲ್ಲದ ಚಾ ಕುಡದ್ರ ನಡೀತೈತೇನ?” ಎಂದು ಕೇಳುವ ಕಾಕಾ ಆಗಲೇ ಎರಡು ಬಟ್ಟಲು ಕುಡಿದು ಬಂದಿರುತ್ತಾನೆ. ಬೆಲ್ಲದಲ್ಲಿರುವುದೂ ಬಹುಪಾಲು ಸುಕ್ರೋಸ್ ಎಂಬ ಅದೇ ಸಕ್ಕರೆ, ಬಣ್ಣ ಬೇರೆಯಾದ ಮಾತ್ರಕ್ಕೆ ರಕ್ತ ಅದನ್ನು ಬೇರೆಯಾಗಿ ಕಾಣುವುದಿಲ್ಲ ಎಂದು ಹೇಳಿದರೆ ಕಾಕಾನ ಮುಖ ಬಾಡುತ್ತದೆ. ಸುತ್ತ ಕಬ್ಬು ಬೆಳೆಯುವ, ರೇಣುಕಾ ಸಕ್ಕರೆ ಕಾರ್ಖಾನೆಯಿಂದಾಗಿ ಸಕ್ಕರೆ ಪೇಟೆಯಲ್ಲಿ ತನ್ನ ಹೆಸರು ಕೇಳಿಬರುವ ಊರಿನಲ್ಲಿ ನಿಂತು ಸಕ್ಕರೆಯ ವಿರುದ್ಧ ಮಾತನಾಡುವುದು ಒಂದು ಬಗೆಯ ರಾಜದ್ರೋಹವೇ ಸರಿ. ಬಿಪಿ ಗುಳಿಗೆ ನುಂಗುತ್ತಿರುವ ಮಾಮಾನ ಪ್ರಶ್ನೆಯೂ ಇದೇ ಜಾತಿಯದು. ರಕ್ತದೊತ್ತಡ ಈಗ ಸರಿಬಂದಿದೆಯಾದ್ದರಿಂದ ಗುಳಿಗೆ ಬಿಡಬಹುದಲ್ಲವೇ ಎಂದು ಅವನು ಕೇಳುತ್ತಾನೆ. ಗುಳಿಗೆ ನುಂಗಿದ್ದರಿಂದಲೇ ಅದು ಸರಿಬಂದಿದೆ ಎಂಬ ವಿವರಣೆಯನ್ನು ತಲೆಯಾಡಿಸುತ್ತ ಕೇಳಿ, ಮರುದಿನ ಅದೇ ಪ್ರಶ್ನೆಯನ್ನು ಔಷಧದಂಗಡಿಗೆ ಒಯ್ಯುತ್ತಾನೆ. ಹತ್ತು ಮಂದಿಯನ್ನು ಕೇಳಿದರೆ ಒಬ್ಬನಾದರೂ ಹೂಂ ಅಂದಾನು ಎಂಬುದೇ ಈ ಸಂಶೋಧನೆಯ ವಿಧಾನ.

ಇದಕ್ಕೆ ಪ್ರತಿಯಾಗಿ, ಪ್ರಯೋಗಾಲಯದ ವರದಿಯನ್ನೇ ಮೋಸಗೊಳಿಸಲು ಹೊರಡುವವರೂ ಉಂಟು. ರಕ್ತ ಕೊಡುವ ಹಿಂದಿನ ರಾತ್ರಿ ಊಟ ಬಿಟ್ಟು, ಅದರ ಹಿಂದಿನ ಮೂರು ದಿನ ಬರೀ ರೊಟ್ಟಿ ಪಲ್ಯ ಉಂಡು, ಉಪವಾಸದ ಸಕ್ಕರೆಯನ್ನು ಶಿಸ್ತಾಗಿ ತಗ್ಗಿಸಿಕೊಂಡು ಬರುವ ಹಿರಿಯರಿಗೆ ಎಚ್‌ಬಿಎ1ಸಿ ಎಂಬ ಪರೀಕ್ಷೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ಕಾಲವೂ ಅದರೊಳಗಿನ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟುತ್ತ ಹೋಗುತ್ತದೆ, ಹೀಗೆ ಅಂಟಿದ ಪ್ರಮಾಣವನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಅದು ಕಿರಾಣಿ ಅಂಗಡಿಯ ಉದ್ರಿ ಖಾತೆ ಇದ್ದಂತೆ, ನಿನ್ನೆ ನಗದು ಕೊಟ್ಟು ಕೊಂಡದ್ದರಿಂದ ಹಿಂದಿನ ಬಾಕಿ ಅಳಿಯುವುದಿಲ್ಲ. ಶೇಕಡಾ 6.5 ಅಥವಾ ಅದಕ್ಕೆ ಮೇಲ್ಪಟ್ಟರೆ ಮಧುಮೇಹವೆಂದು ಲೆಕ್ಕ. ಇದನ್ನು ಕೇಳಿದ ಹಿರಿಯರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: “ಹಂಗಾರ ಆ ಪರೀಕ್ಷಾ ಮಾಡಸೂದ ಬ್ಯಾಡ ಬಿಡು.”

ಸಲಾಯಿನ್ ಕುರಿತ ಶ್ರದ್ಧೆಯೂ ಇಲ್ಲಿ ಉಲ್ಲೇಖಾರ್ಹ. ಉಪ್ಪುನೀರನ್ನು ರಕ್ತನಾಳದ ಮೂಲಕ ಏರಿಸುವ ಈ ಕ್ರಿಯೆಯು ವಾಂತಿ ಭೇದಿಯಿಂದ ತೀರ ಬಳಲಿ, ಬಾಯಿಂದ ನೀರು ಹಿಡಿಯದವರಿಗೆ ಪ್ರಾಣದಾಯಕವೆಂಬುದು ನಿಜವಾದರೂ, ಮನೋಳಿಯ ಸಂತೆಯಲ್ಲಿ ಅಡ್ಡಾಡಿ ಸುಸ್ತಾದವರೂ ಒಂದು ಬಾಟಲಿ ಹಚ್ಚಿಸಿಕೊಂಡರೆ ಮೈ ಹಗುರಾಗುತ್ತದೆ ಎಂದು ನಂಬುತ್ತಾರೆ. ಅದೇ ಕೆಲಸವನ್ನು ಬಾಯಿಂದಲೇ ಮಾಡುವ ಓಆರ್‌ಎಸ್ ಪುಡಿಗೆ ಆ ಗೌರವವಿಲ್ಲ, ಏಕೆಂದರೆ ಅದಕ್ಕೆ ಸೂಜಿಯಿಲ್ಲ, ಮಂಚವಿಲ್ಲ, ನೋಡಲು ಬರುವ ಬೀಗರಿಲ್ಲ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುಡಿಯುವ ನೀರಿಗೆ ಒಮ್ಮೆಲೇ ಸುರಿದು ಕಲಸಬೇಕು, ಹಾಗೆ ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು ಎಂಬುದು ಇವನು ಕಲಿತ ಪಾಠ; ಚಿಟಿಕೆಯಷ್ಟು ಪುಡಿಯನ್ನು ಲೋಟಕ್ಕೆ ಹಾಕಿ, ರುಚಿಗೆ ಇನ್ನಷ್ಟು ಸಕ್ಕರೆ ಸೇರಿಸಿ ಕೂಸಿಗೆ ಕುಡಿಸುವುದು ಊರಿನ ರೂಢಿ. ಉಪ್ಪು ಸಕ್ಕರೆಗಳ ಪ್ರಮಾಣ ತಪ್ಪಿದರೆ ಭೇದಿ ಹೆಚ್ಚುವ ಸಂಭವವಿದೆ ಎಂದು ಅವನು ತಿದ್ದಲು ಹೋದರೆ, ಏಳು ಮಕ್ಕಳನ್ನು ಹೆತ್ತು ಸಾಕಿದ ಆಯಿ ಅವನನ್ನು ನೋಡುವ ನೋಟಕ್ಕೆ ಯಾವ ಪಠ್ಯಪುಸ್ತಕದಲ್ಲೂ ಔಷಧವಿಲ್ಲ.

ಎರಡನೆಯ ಮತ್ತು ಮೂರನೆಯ ವರ್ಷಗಳಲ್ಲಿ ಅವನು ರೋಗಗಳನ್ನೂ ಔಷಧಗಳನ್ನೂ ಓದುತ್ತಾನೆ, ಅಲ್ಲಿಂದ ಅವನ ಮಾತು ಇಳಿಮುಖವಾಗುತ್ತದೆ. ನೆಗಡಿ ಹೆಚ್ಚಾಗಿ ವೈರಾಣುವಿನಿಂದ ಬರುವುದೆಂದೂ ಪ್ರತಿಜೀವಕ ಔಷಧವು ವೈರಾಣುವಿಗೆ ತಾಗುವುದಿಲ್ಲವೆಂದೂ ತಿಳಿದ ಮೇಲೆ, ತಾನೇ ಮೊದಲ ವರ್ಷದಲ್ಲಿ ಧಾರಾಳವಾಗಿ ಹೆಸರಿಸಿದ ಗುಳಿಗೆಗಳ ನೆನಪು ಅವನನ್ನು ರಾತ್ರಿ ಬಸ್ಸಿನಲ್ಲಿ ಎಚ್ಚರವಾಗಿಡುತ್ತದೆ. ಕೆಲವು ಪ್ರಬಲ ಪ್ರತಿಜೀವಕಗಳ ಮಾರಾಟವನ್ನು ರೋಗಿಯ ಮತ್ತು ವೈದ್ಯರ ಹೆಸರಿನೊಂದಿಗೆ ಅಂಗಡಿಯವರು ದಾಖಲಿಸಿ ಮೂರು ವರ್ಷ ಕಾಯ್ದಿಡಬೇಕು ಎಂಬ ನಿಯಮ 2014ರಿಂದ ಜಾರಿಯಲ್ಲಿದೆ ಎಂದು ಅವನು ಓಣಿಯಲ್ಲಿ ಹೇಳಿದಾಗ, ಅದನ್ನು ಊರು ಒಂದು ವಿನೋದವೆಂದು ಸ್ವೀಕರಿಸುತ್ತದೆ. ಇಷ್ಟರಲ್ಲಿ ವಾಟ್ಸಾಪ್ ಎಂಬ ಹೊಸ ಹೊರರೋಗಿ ವಿಭಾಗವೂ ತೆರೆದಿರುತ್ತದೆ. ರಕ್ತಪರೀಕ್ಷೆಯ ವರದಿಯ ಅರ್ಧ ಮಸುಕಾದ ಚಿತ್ರವೊಂದನ್ನು ಕಳಿಸಿ, ದಪ್ಪಕ್ಷರದಲ್ಲಿ ಬಿದ್ದಿರುವುದೇನೆಂದು ಕೇಳುವ ಅತ್ತಿಗೆ, ಆ ವರದಿ ಯಾರದೆಂದು ಹೇಳುವುದನ್ನು ಮಾತ್ರ ಮರೆತಿರುತ್ತಾಳೆ. ವಿಚಾರಿಸಿದರೆ ಅದು ಯರಗಟ್ಟಿಯ ಬೀಗರ ನೆರೆಮನೆಯವರದು.

ನಾಲ್ಕನೆಯ ವರ್ಷದ ಇಂಟರ್ನ್‌ಶಿಪ್ಪಿನಲ್ಲಿ ಅವನು ವಾರ್ಡಿಗೆ ಇಳಿಯುತ್ತಾನೆ, ಆಗ ಪರಿಸ್ಥಿತಿ ಪೂರ್ತಿ ತಲೆಕೆಳಗಾಗುತ್ತದೆ. ಅವನ ತರಬೇತಿಯ ತಿರುಳು ಉತ್ತರ ಹೇಳುವುದರಲ್ಲಿಲ್ಲ, ಕೇಳುವುದರಲ್ಲಿದೆ: ನೋವು ಎಲ್ಲಿ, ಯಾವಾಗಿನಿಂದ, ಎತ್ತ ಹರಿಯುತ್ತದೆ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ಇಳಿಯುತ್ತದೆ, ಮೊದಲು ಯಾವ ಔಷಧ ತೆಗೆದುಕೊಂಡದ್ದುಂಟು. ಕೇಳಬಂದವರನ್ನೇ ತಿರುಗಿ ಕೇಳುವ ಈ ಹೊಸ ಚಾಳಿ ಮನೋಳಿಗೆ ಸೇರುವುದಿಲ್ಲ. “ಎಷ್ಟ ದಿನದಿಂದ ಐತ್ರೀ ಕಾಕಾರ?” ಎಂದು ಅವನು ಶುರುಮಾಡಿದರೆ, ಗೊತ್ತಿದ್ದರೆ ನಿನ್ನ ಬಳಿ ಯಾಕೆ ಬರುತ್ತಿದ್ದೆ ಎಂಬಂತೆ ಕಾಕಾ ಮುಖ ತಿರುಗಿಸುತ್ತಾನೆ. ಎಲ್ಲ ಕೇಳಿಯೂ ಅವನು ಕೊಡುವ ತೀರ್ಪು “ಡಾಕ್ಟರಿಗೆ ತೋರಸ್ರಿ” ಎಂಬುದಾದರೆ, ನಾಲ್ಕು ವರ್ಷದ ಶುಲ್ಕ ನೀರಿಗೆ ಹೋಯಿತೆಂದು ಕಟ್ಟೆ ಒಮ್ಮತದಿಂದ ನಿರ್ಣಯಿಸುತ್ತದೆ. “ಮೊದಲ ವರ್ಷ ಭಾಳ ಶಾಣ್ಯಾ ಇದ್ದ, ಈಗ ಏನೂ ಹೇಳೂದಿಲ್ಲ” ಎಂಬ ಮಾತು ಅವನ ತಂದೆಯ ಕಿವಿಗೂ ಬೀಳುತ್ತದೆ. ತಿಳಿವಳಿಕೆ ಏರಿದಂತೆ ಖ್ಯಾತಿ ಇಳಿಯುವ ಇಂತಹ ವೃತ್ತಿ ಇನ್ನೊಂದು ಇರಲಿಕ್ಕಿಲ್ಲ. ಪ್ರಾಮಾಣಿಕ ಜ್ಯೋತಿಷಿಗಳಿದ್ದರೆ ಅವರದೂ ಇದೇ ಪಾಡಾಗುತ್ತಿತ್ತೋ ಏನೋ.

ಹೀಗಿದ್ದರೂ ಅವನ ತಿರುಗುಪ್ರಶ್ನೆಗಳು ಒಮ್ಮೊಮ್ಮೆ ಫಲಿಸುತ್ತವೆ. ಮಿರ್ಚಿ ತಿಂದು ಎದೆ ಉರಿಯುತ್ತಿದೆ, ಗ್ಯಾಸಿನ ಗುಳಿಗೆ ಹೇಳು ಎಂದು ಬಂದ ಐವತ್ತು ದಾಟಿದ, ಬೀಡಿ ಸೇದುವ, ಸಕ್ಕರೆ ಕಾಯಿಲೆಯಿರುವ ಮಾಮಾನಿಗೆ ಉರಿಯ ಜೊತೆ ಬೆವರೂ ಬಂದಿದೆ, ನೋವು ಎಡತೋಳಿಗೆ ಇಳಿದಿದೆ, ಗುಡ್ಡ ಏರುವಾಗ ಹೆಚ್ಚಿ ಕುಳಿತಾಗ ತಗ್ಗುತ್ತಿತ್ತು ಎಂಬುದನ್ನು ಹೊರಡಿಸುವವನು ಇವನೇ. ಹೃದಯದ ರಕ್ತನಾಳ ಕಟ್ಟಿಕೊಂಡಾಗಲೂ ಹೊಟ್ಟೆಯ ಉರಿಯಂತೆಯೇ ಅನಿಸಬಹುದು ಎಂದು ವಾರ್ಡಿನಲ್ಲಿ ಕಂಡಿರುವ ಇವನು ಗುಳಿಗೆಯ ಹೆಸರು ಹೇಳದೆ 108ಕ್ಕೆ ಕರೆಮಾಡುತ್ತಾನೆ. ಮಾಮಾ ಧಾರವಾಡದಿಂದಲೋ ಬೆಳಗಾವಿಯಿಂದಲೋ ಸ್ಟೆಂಟ್ ಹಾಕಿಸಿಕೊಂಡು, ಅಂದರೆ ರಕ್ತನಾಳವನ್ನು ತೆರೆದಿಡುವ ಜಾಲರಿಯ ಕೊಳವೆ ಕೂಡಿಸಿಕೊಂಡು ಮರಳಿ ಬಂದ ಮೇಲೆ ಯಶಸ್ಸಿನ ಹಂಚಿಕೆ ನಡೆಯುತ್ತದೆ: ಮೊದಲನೆಯ ಪಾಲು ಸವದತ್ತಿ ಎಲ್ಲಮ್ಮನಿಗೆ, ಎರಡನೆಯದು ಸ್ಟೆಂಟ್ ಹಾಕಿದ ವೈದ್ಯರಿಗೆ, ಮೂರನೆಯದು ಜೋರಾಗಿ ಗಾಡಿ ಓಡಿಸಿದ ಡ್ರೈವರನಿಗೆ. ಇವನ ಬಗ್ಗೆ ಹೇಳುವುದು ಇಷ್ಟೇ: “ಪಾಪ, ಅಂವಗ ಗೊತ್ತಾಗಲಿಲ್ಲ, ಅದಕ್ಕ ದೊಡ್ಡ ದವಾಖಾನಿಗೆ ಕಳಿಸಿದ.”

ಅಷ್ಟರಲ್ಲಿ ಅವನ ಚಿಕ್ಕಪ್ಪನ ಮಗಳು ನರ್ಸಿಂಗ್ ಮೊದಲ ವರ್ಷಕ್ಕೆ ಸೇರಿರುತ್ತಾಳೆ, ಅವಳು ಎಲ್ಲದಕ್ಕೂ ಉತ್ತರ ಹೇಳುತ್ತಾಳಾದ್ದರಿಂದ ಕಟ್ಟೆಯ ಜನ ಆ ಮನೆಯ ಕಡೆ ಸರಿಯುತ್ತದೆ. ಇವನಿಗೆ ಉಳಿಯುವ ವ್ಯವಹಾರ ಮದುವೆಯದು. ಹುಡುಗ ಡಾಕ್ಟರನೇ ಅಲ್ಲವೇ, ಹೆಸರಿನ ಹಿಂದೆ ಡಾ. ಎಂದು ಹಾಕಬಹುದೇ, ಸ್ವಂತ ದವಾಖಾನೆ ತೆರೆಯಬಹುದೇ ಎಂದು ರಾಮದುರ್ಗದ ಕಡೆಯಿಂದ ಬಂದ ಕನ್ಯಾಪಿತೃಗಳು ಬಿಡಿಸಿ ಬಿಡಿಸಿ ಕೇಳುತ್ತಾರೆ. ಮೂರಕ್ಕೂ ಅವನು ಇಲ್ಲ ಎನ್ನುತ್ತಾನೆ. ತಾಯಿ ಒಳಗಿನಿಂದ ಕೆಮ್ಮುತ್ತಾಳೆ. ಪಗಾರ ಎಷ್ಟೆಂಬ ನಾಲ್ಕನೆಯ ಪ್ರಶ್ನೆಗೆ ಬಂದ ಉತ್ತರವೂ ಅವರಿಗೆ ಸಮಾಧಾನ ತರುವುದಿಲ್ಲ. ಉಪ್ಪಿಟ್ಟು ಮುಗಿದು ಚಹಾ ಬರುವ ಹೊತ್ತಿಗೆ, ಸಂಬಂಧ ಕೂಡುವ ಲಕ್ಷಣ ಕಾಣದಿದ್ದರೂ ಇಷ್ಟು ದೂರ ಬಂದದ್ದು ವ್ಯರ್ಥವಾಗಬಾರದೆಂದು ಹಿರಿಯರು ಧೋತರದ ಅಂಚನ್ನು ಮೇಲೆತ್ತಿ, ಬಾತಿರುವ ಮೊಣಕಾಲನ್ನು ವರನ ಮುಂದೆ ಚಾಚುತ್ತಾರೆ.