ಹಂಪಿಗೆ ಹೊರಟವರ ಕ್ಯಾಮೆರಾ ಚೀಲ

ದಸರಾ ರಜೆಗೆ ಹಂಪಿಗೆ ಹೊರಟಿದ್ದೀರಂತೆ, ಯಾವ ಕ್ಯಾಮೆರಾ, ಯಾವ ಲೆನ್ಸ್ ಒಯ್ಯೋದು ಅಂತ ಮನೆಯಲ್ಲಿ ಇನ್ನೂ ಇತ್ಯರ್ಥ ಆಗಿಲ್ಲವಂತೆ. ಅದಕ್ಕಿಂತ ಮೊದಲು ಮಾತಂಗ ಬೆಟ್ಟ ಹತ್ತುತ್ತೀರೋ ಇಲ್ಲವೋ ಅಂತ ತೀರ್ಮಾನ ಮಾಡಿ. ಸೂರ್ಯ ಹುಟ್ಟೋದನ್ನ ಅಲ್ಲಿಂದ ನೋಡಬೇಕು ಅಂದ್ರೆ ನಸುಕಿಗೂ ಮುಂಚೆ ಟಾರ್ಚ್ ಬೆಳಕಲ್ಲಿ ಹತ್ತಬೇಕು. ಬಂಡೆ ಹಿಡಿದುಕೊಳ್ಳೋಕೆ ಎರಡೂ ಕೈ ಖಾಲಿ ಇರಬೇಕು, ಅಲ್ವಾ? ಕುತ್ತಿಗೆಗೊಂದು, ಹೆಗಲಿಗೊಂದು, ಬಗಲಿಗೊಂದು ನೇತುಹಾಕಿಕೊಂಡರೆ ಅರ್ಧ ದಾರಿಗೇ ಏದುಸಿರು.

ಎಲ್ಲಿ ನಿಂತು ನೋಡ್ತೀವಿ, ನೋಡೋದು ಎಷ್ಟು ದೂರ ಇದೆ, ಅಲ್ಲಿ ಬೆಳಕೆಷ್ಟು, ಈ ಮೂರು ಗೊತ್ತಾದರೆ ಯಾವ ಲೆನ್ಸ್ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಹಂಪಿಯ ಮುಕ್ಕಾಲು ಪಾಲಿಗೆ ಕ್ಯಾಮೆರಾ ಜೊತೆಗೇ ಬರೋ 18-55 ಧಾರಾಳವಾಯ್ತು. ಕಲ್ಲಿನ ರಥ, ಕಮಲ ಮಹಲು, ಆನೆ ಲಾಯ, ಹರಿಗೋಲು ಎಲ್ಲಾ ಅದರಲ್ಲೇ ಹಿಡಿಸುತ್ತೆ.

ಕಲ್ಲಿನ ರಥ ಅಂದಾಗ ನೆನಪಾಯ್ತು ನೋಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಸೇನಾಧಿಕಾರಿ ಹಂಪಿಯ ಫೋಟೋ ತೆಗೆದಿದ್ದರು. ಮೇಣ ಹಚ್ಚಿದ ಕಾಗದವೇ ನೆಗೆಟಿವ್, ಒಂದೊಂದೂ ಅಡಿಗಿಂತ ದೊಡ್ಡದು! ಆ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಅದಿಲ್ಲ, ಐವತ್ತು ರೂಪಾಯಿ ನೋಟಿನಲ್ಲಿ ಇರೋದೂ ಶಿಖರ ಇಲ್ಲದ ರಥವೇ. ಮುಂದೆ 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವವೇ ಜಾಗ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ನೂರಿಪ್ಪತ್ತು ವರ್ಷದ ಮೇಲೆ ಕ್ಯಾಮೆರಾ ಪೂರ್ತಿ ಬದಲಾಗಿತ್ತು. ನಿಂತ ಜಾಗ ಮಾತ್ರ ಅದೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಬಿತ್ತು, ಏನು ಉಳೀತು ಅಂತ ಗೊತ್ತಾಗುತ್ತೆ. ನಿಂತ ಜಾಗದ ಬೆಲೆ ಅಂದ್ರೆ ಇದೇ, ಅಲ್ವಾ?

ನಮ್ಮ ಮಾವನ ಹತ್ತಿರ ಅಗ್ಫಾ ಕ್ಲಿಕ್-3 ಇತ್ತು, ಬರೋಡದಲ್ಲಿ ತಯಾರಾಗ್ತಿದ್ದದ್ದು. ಒಂದು ರೋಲಿಗೆ ಹನ್ನೆರಡೇ ಫೋಟೋ, ಚೌಕಾಕಾರದ್ದು. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಪ್ರವಾಸ ಅಂದ್ರೆ ಮಾವ ಮೊದಲು ಸುತ್ತಾಡಿ ಬರ್ತಿದ್ದರು, ಬೆಳಕು ಯಾವ ಕಡೆಯಿಂದ ಬೀಳುತ್ತೆ ನೋಡ್ತಿದ್ದರು, ಆಮೇಲೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೇ ಒಂದು ಒತ್ತು. ಆ ಹನ್ನೆರಡರಲ್ಲಿ ಹಾಳಾಗ್ತಿದ್ದದ್ದು ತೀರಾ ಕಡಿಮೆ.

ಇರಲಿ, ಹಂಪಿಗೆ ಬರೋಣ. ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲೆ ಕೋಣೆಗೆ ತಪ್ಪದೆ ಹೋಗಿ. ಗೋಡೆಯಲ್ಲಿ ಪುಟ್ಟ ಕಿಂಡಿ, ಅದರಿಂದ ಬಂದ ಬೆಳಕು ಎದುರು ಗೋಡೆ ಮೇಲೆ ರಾಜಗೋಪುರವನ್ನ ತಲೆಕೆಳಗಾಗಿ ಮೂಡಿಸುತ್ತೆ. ಲೆನ್ಸೇ ಇಲ್ಲದ ಕ್ಯಾಮೆರಾ ಅದು! ಗೋಪುರದ ತುದಿಯ ಬೆಳಕು ಕಿಂಡಿ ದಾಟಿ ಕೆಳಗೆ, ಬುಡದ ಬೆಳಕು ಮೇಲೆ. ನಿಮ್ಮ ಕ್ಯಾಮೆರಾದ ಒಳಗೆ ನಡೆಯೋದೂ ಇದೇ ತಾನೆ? ಮಕ್ಕಳನ್ನ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಅಂತಸ್ತುಗಳು ಒಂದೊಂದಾಗಿ ಕಾಣಿಸ್ತವೆ. ಅದನ್ನ ಹಿಡಿಯೋಕೆ 50 ಎಂಎಂ, ಎಫ್ 1.8ರ ಪುಟ್ಟ ಲೆನ್ಸ್ ಚೆಂದ. 18-55ನ್ನ ಅಷ್ಟೇ ಜೂಮ್ ಮಾಡಿದರೆ ಅದು ಎಫ್ 5.6ರ ಹತ್ತಿರ ಬಂದು ನಿಲ್ಲುತ್ತೆ. ಪುಟ್ಟದ್ದು ಒಳಗೆ ಬಿಡೋ ಬೆಳಕು ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು. ಜೇಬಲ್ಲಿ ಹಿಡಿಸೋ ವಸ್ತು, ಭಾರವೂ ಇಲ್ಲ.

ಇನ್ನು ದರೋಜಿ ಕರಡಿಧಾಮಕ್ಕೆ ಹೋಗೋದಾದ್ರೆ ಲೆಕ್ಕವೇ ಬೇರೆ. ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರದಲ್ಲಿ ಕೂತರೆ ಎದುರು ಗುಡ್ಡದ ಬಂಡೆ ಮೇಲೆ ಕರಡಿಗಳು ಇಳಿದು ಬರ್ತವೆ. ಅರಣ್ಯ ಇಲಾಖೆಯವರು ಬಂಡೆಗೆ ಸವರಿರೋ ಸಿಹಿಯನ್ನ, ಮಕ್ಕಳು ದೋಸೆ ತಟ್ಟೆಯ ಬೆಲ್ಲ ನೆಕ್ಕೋ ಹಾಗೆ, ನಿಧಾನಕ್ಕೆ ನೆಕ್ಕುತ್ತಾ ಕೂರ್ತವೆ. ಪಕ್ಕದಲ್ಲೇ ನವಿಲು, ಮುಂಗುಸಿ. ಆ ದೂರಕ್ಕೆ 70-300 ಇರಲೇಬೇಕು, ಇಲ್ಲಾಂದ್ರೆ ಫೋಟೋದಲ್ಲಿ ಕರಡಿ ಯಾವುದು, ಬಂಡೆ ಯಾವುದು? ಸಂಜೆ ಬೆಳಕು ಇಳೀತಿದ್ದ ಹಾಗೆ ಐಎಸ್‌ಒ 1600, 3200ಕ್ಕೆ ಏರಿಸೋಕೆ ಹಿಂಜರಿಯಬೇಡಿ. ಫೋಟೋದಲ್ಲಿ ಕಾಳುಕಾಳು ಬಂದರೂ ನೋಡಬಹುದು, ಅಲುಗಾಡಿದ್ದನ್ನ ಏನು ಮಾಡೋದು?

ಟ್ರೈಪಾಡ್ ಮನೆಯಲ್ಲೇ ಇರಲಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿ ಬೇಕು. ಅದರ ಬದಲು ಇನ್ನೊಂದು ಬ್ಯಾಟರಿ, ಒಂದು ಮೆಮೊರಿ ಕಾರ್ಡ್, ಧೂಳು ಒರೆಸೋಕೆ ಮೆತ್ತನೆ ಬಟ್ಟೆ. ಲೆನ್ಸನ್ನ ಬಯಲ ಗಾಳಿಯಲ್ಲಿ ಬದಲಾಯಿಸಬೇಡಿ, ಗೋಡೆ ಮರೆಗೆ ಹೋಗಿ.

70-300 ಅಂತ ಹೊಸದಾಗಿ ದುಡ್ಡು ಸುರಿಯೋಕೆ ಹೋಗಬೇಡಿ ಮತ್ತೆ. ಒಂದು ಸಂಜೆಯ ಕರಡಿಗೆ ಅಷ್ಟೊಂದು ಯಾಕೆ? ನಮ್ಮನೇಲಿ ಒಂದಿದೆ. ನಿಮ್ಮ ಕ್ಯಾಮೆರಾ ತಗೊಂಡು ಬನ್ನಿ, ಮೌಂಟ್ ಹೊಂದುತ್ತಾ ನೋಡೇ ಬಿಡೋಣ.