ಟೆಸ್ಟರ್ ಹತ್ತಲಿಲ್ಲಂದ್ರ ಕರೆಂಟ್ ಇಲ್ಲಂತೇನ್ರಿ?

ಬೈಲಹೊಂಗಲ ಸೀಮಿಯಾಗ ರಾತ್ರಿ ಪಾಳಿ ತ್ರೀ ಫೇಸ್ ಇತ್ತಂದ್ರ, ಮುಂಜಾನಿ ಬೇಲಿ ಮ್ಯಾಲಿನ ಮಾತು ಮಳಿ ಬಿಟ್ಟು, ಹತ್ತಿ ರೇಟ್ ಬಿಟ್ಟು, ಸೀದಾ ಮೋಟಾರಕ್ಕ ಬಂದು ನಿಂದರತೈತಿ. ಸ್ಟಾರ್ಟರ್ ಯಾಕ ಗುಂಯ್ ಅಂತು, ಯಾರ ಫ್ಯೂಜ್ ಹೋತು, ಇದ ಸುದ್ದಿ. ಇವತ್ತ ಬಾಜೂದವರು ಬೆರಳ ತೋರಿಸಿದ್ರು. ತುದಿ ಕರ್ರಗ. "ಟೆಸ್ಟರ್ ಹಚ್ಚಿ ನೋಡಿದ್ನಿರಿ, ಹತ್ತಲೇ ಇಲ್ಲ. ಅದಕ್ಕ ಕೈ ಹಾಕಿದೆ" ಅಂದ್ರು.

ಈ ಮಾತಿಗೆ ನನಗ ಸಿಟ್ಟು ಬರತೈತಿ ನೋಡ್ರಿ. ಹತ್ತಿದ್ರ ಕರೆಂಟ್ ಐತಿ, ಬರೋಬ್ಬರಿ. ಹತ್ತಲಿಲ್ಲಂದ್ರ ಇಲ್ಲಂತ ಯಾರು ಹೇಳಿದ್ರು?

ಆ ಟೆಸ್ಟರ್ ಒಮ್ಮೆ ಬಿಚ್ಚಿ ನೋಡ್ರಿ. ಒಂದು ಸ್ಪ್ರಿಂಗ್, ಒಂದು ಸಣ್ಣ ನಿಯಾನ್ ಬಲ್ಬ್, ಮತ್ತ ಜ್ವಾಳದ ಕಾಳಿಗಿಂತ ಸ್ವಲ್ಪ ಉದ್ದನ್ನ ಒಂದು ರೆಸಿಸ್ಟರ್. ಸಾಮಾನ್ಯವಾಗಿ ಅದು 10 ಲಕ್ಷ ಓಮ್ ಇರತೈತಿ. ಮ್ಯಾಲಿನ ಟೊಪ್ಪಿಗಿ ಮ್ಯಾಲ ಬೆರಳ ಇಟ್ಟಾಗ 230 ವೋಲ್ಟ್ ಇದರೊಳಗ ಹಾದು, ನಿಮ್ಮ ಮೈಯಾಗ ಇಳದು, ಕಾಲಿಂದ ಮಣ್ಣಿಗೆ ಹೋಗತೈತಿ. ರೆಸಿಸ್ಟರ್ ಅಡ್ಡ ನಿಂತಿದ್ದಕ್ಕ ಕಾಲು ಮಿಲಿ ಆಂಪ್‌ಗಿಂತ ಕಡಿಮಿ ಹರೀತೈತಿ, ಮೈಗೆ ಗೊತ್ತ ಆಗೂದಿಲ್ಲ. ಅಂದ್ರ ಆ ದೀಪ ಹತ್ತಾಕ ನೀವೂ ಒಂದು ವೈರ್ ಆಗಬೇಕು. ಒಣಾ ಹಲಗಿ ಮ್ಯಾಲ, ದಪ್ಪ ರಬ್ಬರ್ ಚಪ್ಪಲಿ ಮೆಟ್ಟಿ ನಿಂತ್ರ ದೀಪ ಮಿಣಕ್ ಅಂತೈತಿ, ಇಲ್ಲಾ ಅದೂ ಇಲ್ಲ. ಮೇ ತಿಂಗಳ ಸವದತ್ತಿ ಬಿಸಲಾಗ ಹತ್ತಿದ್ರೂ ಕಾಣೂದಿಲ್ಲ, ಕೈ ಮರಿ ಮಾಡಿ ನೋಡಬೇಕು. ಸ್ಪ್ರಿಂಗ್ ಸಡ್ಲ ಆಗಿದ್ರಂತೂ ಮುಗದ ಹೋತು.

ಮತ್ತ ನಮ್ಮಂದಿ ಅದರಿಂದ ಮಾಡದ ಕೆಲಸ ಯಾವುದು? ಬಣ್ಣದ ಡಬ್ಬಿ ಎತ್ತೂದು, ಜಂಗ್ ಹಿಡದ ಸ್ಕ್ರೂ ಮೀಟೂದು, ಕಿವಿ ಕೆರೆಯೂದು. ಪ್ಲಾಸ್ಟಿಕ್ ಸೀಳಿ, ಒಳಗ ನೀರ ಹೋಗಿ, ಕರೆಂಟ್ ರೆಸಿಸ್ಟರಿನ ಬಾಜೂಕ ಹಾದಿ ಹುಡಿಕ್ಕೊಂಡ್ರ ಇಡೀ 230 ಬೆರಳಿಗೇ ಬರತೈತಿ. 10 ಮಿಲಿ ಆಂಪ್ ಸುಮಾರಿಗೆ ಕೈ ಬಿಗದ ಹಿಡೀತೈತಿ, ಬಿಡಬೇಕಂದ್ರೂ ಬಿಡಾಕ ಬರೂದಿಲ್ಲ. ಮನ್ಯಾಗ ಹಾಕೂ ಆರ್‌ಸಿಸಿಬಿ 30 ಮಿಲಿ ಆಂಪಿಗೆ ಟ್ರಿಪ್ ಆಗಲಿ ಅಂತ ಮಾಡ್ಯಾರಲ್ಲ, ಸುಮ್ನ ಮಾಡಿಲ್ಲ.

ಇನ್ನೊಂದು ಮಜಾ. ಸಾಕೆಟ್ಟಿನ ಎರಡೂ ತೂತಿನಾಗ ಟೆಸ್ಟರ್ ಹತ್ತತೈತಿ, ಫ್ಯಾನ್ ತಿರಗೂದಿಲ್ಲ. "ಎರಡು ಫೇಸ್ ಬಂದಾವ್ರಿ" ಅಂತ ಓಣಿ ತುಂಬ ಸುದ್ದಿ. ಬಹಳ ಸಲ ಹಂಗೇನೂ ಆಗಿರೂದಿಲ್ಲ. ನ್ಯೂಟ್ರಲ್ ಎಲ್ಲೋ ಹರದಿರತೈತಿ. ಚಾಲೂ ಬಿಟ್ಟ ಒಂದು ಬಲ್ಬಿನಾಗ ಹಾದು ಫೇಸ್ ಆ ಕಡೆಯಿಂದ ತಿರಗಿ ಬಂದಿರತೈತಿ. ಕರೇ ವೈರ್ ಅಂದ್ರ ನ್ಯೂಟ್ರಲ್, ಏನೂ ಮಾಡೂದಿಲ್ಲ ಅಂತ ಹಿಡದಾವಗ ಆವತ್ತ ಸರೀತ್ನಾಗಿ ಹೊಡೀತೈತಿ.

ಹಳೇ ವೈರ್‌ಮನ್‌ಗಳು ಹೋಲ್ಡರಿಗೆ ಎರಡು ವೈರ್ ಕಟ್ಟಿ ಟೆಸ್ಟ್ ಲ್ಯಾಂಪ್ ಮಾಡ್ಕೋತಿದ್ರು. ಅದು ಸುಳ್ಳು ಹೇಳೂದು ಕಡಿಮಿ. ಆದ್ರ ಸ್ಟಾರ್ಟರಿನ ಎರಡು ಫೇಸ್ ನಡುವ ಒಂದೇ ಬಲ್ಬ್ ಹಚ್ಚಿದ್ರ 400 ವೋಲ್ಟ್ ಬೀಳತೈತಿ, ಮಾರೀ ಮ್ಯಾಲ ಗಾಜು. ಅದಕ್ಕ ತಿಳಿದಾವ್ರು ಎರಡು ಬಲ್ಬ್ ಒಂದರ ಹಿಂದ ಒಂದು ಜೋಡಸ್ತಿದ್ರು.

ಈಗ ಎಲ್ಲಾರ ಚೀಲದಾಗೂ ಹಳದಿ ಮಲ್ಟಿಮೀಟರ್ ಬಂದೈತಿ. ಮೀಟರ್ ನೋಡ್ತಾರ, ಅದರ ಕಡ್ಡಿ ನೋಡೂದಿಲ್ಲ. ಕೆಂಪ ಕಡ್ಡಿ 10 ಆಂಪ್ ತೂತಿನಾಗ ಬಿಟ್ಟು ವೋಲ್ಟ್ ನೋಡಾಕ ಹೋದ್ರ ನೀವೇ ಕೈಯಾರೆ ಶಾರ್ಟ್ ಮಾಡಿದಂಗ. ಢಮ್! ಕಡ್ಡಿ ಮ್ಯಾಲ ಕ್ಯಾಟ್ 3 ಅಂತ ಸುರಕ್ಷತಾ ದರ್ಜೆ ಬರದಿತ್ತಂದ್ರ ತುದಿಯ ಬರೇ ಲೋಹ 4 ಮಿಲಿಮೀಟರಿಗಿಂತ ಹೆಚ್ಚು ಹೊರಗ ಇರಬಾರದು. ಅಗ್ಗದ ಕಡ್ಡೀದು ಸೂಜಿ ಹಂಗ ಉದ್ದಕ ಇರತೈತಿ, ಸ್ಟಾರ್ಟರಿನ ಎರಡು ಟರ್ಮಿನಲ್ಲಿಗೆ ಒಮ್ಮೆಲೆ ತಾಗತೈತಿ. ಸಣ್ಣ ಸ್ಲೀವ್ ಏರಿಸಿ ತುದಿ ಅಷ್ಟ ಬಿಡ್ರಿ. ಬೆರಳ ಕಡ್ಡಿ ಮ್ಯಾಲಿನ ಉಬ್ಬಿದ ಬಳಿ ಹಿಂದ ಇರಬೇಕು. ಕಡ್ಡಿ ಬುಡದಾಗ ವೈರ್ ಸೀಳಿದ್ರ ಟೇಪ್ ಸುತ್ತಬ್ಯಾಡ್ರಿ, ಒಗದು ಹೊಸಾದು ತರ್ರಿ.

ನಾ ಮೆಚ್ಚಿದ್ದು ಒಂದ ಪದ್ಧತಿ. ಮೇನ್ ಬಂದ್ ಮಾಡಿ ಕರೇ ಕಡ್ಡಿಗೆ ಮೊಸಳಿ ಕ್ಲಿಪ್ ಹಾಕಿ ನ್ಯೂಟ್ರಲ್‌ಗೆ ಕಚ್ಚಿಸೂದು, ಆಮ್ಯಾಲ ಮೇನ್ ಚಾಲೂ ಮಾಡಿ ಒಂದ ಕೈಲೆ ಕೆಂಪ ಕಡ್ಡಿ ಹಚ್ಚೂದು. ಇನ್ನೊಂದು ಕೈ ಕಿಸೇದಾಗ. ಯಾಕಂದ್ರ ಈ ಕೈಲೆ ಹೊಕ್ಕು ಆ ಕೈಲೆ ಹೊರಗ ಹೋಗೂ ಕರೆಂಟ್ ಎದಿಯೊಳಗ ಹಾದು ಹೋಗತೈತಿ. "ಧೋತರಕ್ಕ ಕಿಸೆ ಎಲ್ಲೈತಿ?" ಅಂದ್ರು ಬಾಜೂದವರು. ಬೆನ್ನ ಹಿಂದ ಕಟ್ಕೋರಿ ಅಂದೆ.

ನೋಡೂ ಮೊದಲ, ಕರೆಂಟ್ ಖಾತ್ರಿ ಇದ್ದಲ್ಲೆ ಹಚ್ಚಿ ಮೀಟರ್ ವೋಲ್ಟ್ ತೋರಸತೈತೋ ನೋಡಬೇಕು. ನೋಡಿದ ಮ್ಯಾಲೂ ಅಲ್ಲೇ ಮತ್ತೊಮ್ಮೆ. ನಡುವಿನ ಹೊತ್ತಿನಾಗ ಸೆಲ್ ಸತ್ತಿದ್ರ? ಟೆಸ್ಟರಿಗೂ ಇದ ಕಾನೂನು.

ಕಿತ್ತೂರ ಉತ್ಸವದ ಸೀರಿಯಲ್ ಲೈಟು, ಯಲ್ಲಮ್ಮನ ಗುಡ್ಡದ ಜಾತ್ರಿ ಅಂಗಡ್ಯಾಗಿನ ವೈರಿನ ಬರೇ ಗಂಟು, ಇವೆಲ್ಲಾ ಕಣ್ಣಿಗೆ ಕಾಣತಾವು, ಅರ್ಥಿಂಗ್ ಹೋಗಿದ್ದು ಕಾಣೂದಿಲ್ಲ. ರಾಮದುರ್ಗದ ಕಡೆ ಪವರ್‌ಲೂಮಿನ ಕಬ್ಬಣದ ಚೌಕಟ್ಟಿಗೆ ಟೆಸ್ಟರ್ ಹಚ್ಚಿದಾಗ ಹತ್ತಿದ್ರ ಅರ್ಥಿಂಗ್ ಹೋಗೇತಿ ಅಂತ ತಿಳೀಬೇಕು; ಹತ್ತಲಿಲ್ಲಂದ್ರ ಬರೋಬ್ಬರಿ ಐತಿ ಅಂತಲ್ಲ. ನಮ್ಮ ಎರೀ ಮಣ್ಣು ಬ್ಯಾಸಗ್ಯಾಗ ಬಿರಿತೈತಿ, ಅರ್ಥಿಂಗಿಗೆ ಹುಗದ ಪೈಪಿನ ಸುತ್ತ ಸಂದಿ ಬೀಳತೈತಿ. ಇದ್ದಲಿ, ಉಪ್ಪು ಹಾಕಿದ ಕುಣಿಗೆ ಎರಡು ಕೊಡ ನೀರ ಹಾಕೂ ಉಸಾಬರಿ ಮಳಿಗಾಲ ಬರೂಮಟ ಯಾರಿಗೂ ನೆನಪಾಗೂದಿಲ್ಲ. 1887ರಾಗ ಗೋಕಾಕ ಫಾಲ್ಸಿನಾಗ ಕರೆಂಟ್ ಮಾಡಿದ್ರು, 1902ರ ಶಿವನಸಮುದ್ರಕ್ಕಿಂತ ನಾವು ಮುಂದ ಅಂತ ಜಂಬ ಹೊಡೀತೀವಿ. ಅರ್ಥಿಂಗಿಗೆ ನೀರ ಹಾಕೂದ್ರಾಗ ಮಾತ್ರ ಹಿಂದ.

ಖರೆ ಅಂಜಿಕಿ ಇರೂದು ಟಿಸಿ (ಟ್ರಾನ್ಸ್ಫಾರ್ಮರ್) ಹತ್ರ. ಒಂದು ಫೇಸಿನ ಫ್ಯೂಜ್ ಹೋಗಿರತೈತಿ, "ಆ ವೈರ್ ಸತ್ತೈತಿ" ಅಂತ ಏರತಾರ. ಅದ ಟಿಸಿ ಮ್ಯಾಲ ಬ್ಯಾರೆಯವರ ಮೋಟಾರ ಕಂಡೆನ್ಸರ್ ಹಾಕಿ ಎರಡ ಫೇಸಿನ ಮ್ಯಾಲ ಓಡಾಕತ್ತಿದ್ರ, ಆ ಮೋಟಾರದೊಳಗಿಂದ ತಿರಗಿ ಬಂದ ವೋಲ್ಟೇಜ್ ಆ ಸತ್ತ ವೈರಿನ್ಯಾಗ ಕುಂತಿರತೈತಿ. ಏರಿದಾವಗ ಅದು ಗೊತ್ತಿರೂದಿಲ್ಲ, ಓಡಸಾಕತ್ತಾವಗೂ ಗೊತ್ತಿರೂದಿಲ್ಲ. ಟಿಸಿ ಲೈನ್‌ಮನ್ ಕೆಲಸ, 1912ಕ್ಕ ಫೋನ್ ಹಚ್ಚಿ ಕುಂದರಬೇಕು. ಯಾರಿಗರೆ ಕರೆಂಟ್ ಹಿಡಕೊಂಡೈತಂದ್ರ ಮುಟ್ಟಿ ಜಗ್ಗಬಾರದು, ಮೊದಲ ಮೇನ್ ಕೆಡವಬೇಕು.

"ಇಷ್ಟೆಲ್ಲಾ ಮಾಡೂದ್ರಾಗ ತ್ರೀ ಫೇಸ್ ಟೈಮ ಮುಗೀತೈತಿ" ಅಂದ್ರು ಬಾಜೂದವರು, ಅಂಗೈಯಾಗ ತಂಬಾಕ ತಿಕ್ಕೋಂತ. ಕ್ಲಿಪ್ ಕಚ್ಚಿಸಾಕ ಅಷ್ಟೂ ಹೊತ್ತು ಬೇಕಾಗಿಲ್ರಿ, ನೀವು ತಂಬಾಕಕ್ಕ ಸುಣ್ಣ ಹಚ್ಚೂದ್ರಾಗ ಆಗತೈತಿ ಅಂದೆ. ಪ್ಯಾಟಿಗೆ ಹೋಗೂ ದಿನಾ ಕ್ಲಿಪ್ಪು ತರಾಕ ಹೇಳ್ಯಾರ, ಎರಡು.